ಚಗಳಿ ಚಟ್ನಿಯಿಂದ ಬೋಟಿ ಗೊಜ್ಜಿನವರೆಗೆ: ಹೊಸ ರುಚಿಯನ್ನು ಧೈರ್ಯವಾಗಿ ಉಣ್ಣಲು, ನಗೆಯೊಡನೆ ಬರೆಯಲು ಒಂದು ಸಮಗ್ರ ಮಾರ್ಗದರ್ಶಿ

ಹಾಸನದಿಂದ ಸಕಲೇಶಪುರಕ್ಕೆ ಸುಮಾರು 40 ಕಿಲೋಮೀಟರ್ ದೂರ. ಅಷ್ಟರೊಳಗೆ ತಟ್ಟೆಯ ಮೇಲಿನ ರಾಗಿ ಮುದ್ದೆ ಹೋಗಿ ಅಕ್ಕಿ ರೊಟ್ಟಿ ಬರುತ್ತದೆ, ಬಸ್ಸಾರಿನ ಜಾಗದಲ್ಲಿ ಕಳಲೆಯ, ಎಂದರೆ ಎಳೆ ಬಿದಿರಿನ, ಪಲ್ಯ ಕೂರುತ್ತದೆ. ಕಡೂರಿನ ಬಯಲಿನಿಂದ ಮೂಡಿಗೆರೆಯ ತೋಟಗಳಿಗೆ ಹೋದವರಿಗೂ ಇದೇ ಅನುಭವ. ಹೊಸ ರುಚಿಗಾಗಿ ದೂರದ ದೇಶಕ್ಕೆ ಹೋಗಬೇಕಾದ ಅಗತ್ಯವಿಲ್ಲದ ಸೀಮೆ ನಮ್ಮದು. ಹೀಗಿದ್ದರೂ ಈ ಊಟದ ಬಗ್ಗೆ ಬಂದಿರುವ ಬರಹಗಳಲ್ಲಿ ಹೆಚ್ಚಿನವು ಎರಡೇ ದಾರಿಯಲ್ಲಿ ನಡೆದಿವೆ: ಒಂದು, ಚಗಳಿ ಎಂಬ ಕೆಂಪಿರುವೆಯ ಚಟ್ನಿಯನ್ನು ಕಂಡು ಬೆಚ್ಚಿಬಿದ್ದ ಕಥೆ, ಇನ್ನೊಂದು, ಅಜ್ಜಿಯ ಕೈರುಚಿಯನ್ನು ಹೊಗಳಿ ಹೊಗಳಿ ರುಚಿ ಹೇಗಿತ್ತೆಂದು ಹೇಳುವುದನ್ನೇ ಮರೆತ ಕಥೆ. ಎರಡರಲ್ಲಿಯೂ ಊಟ ಕಾಣುವುದಿಲ್ಲ.

ಗಮನವಿಟ್ಟು ಉಣ್ಣದವರು ನಗೆಯೊಡನೆ ಬರೆಯಲಾರರು ಎಂಬುದು ನನ್ನ ದೃಢವಾದ ನಂಬಿಕೆ. ಊಟದ ಬರಹದಲ್ಲಿ ನಗೆ ಹುಟ್ಟುವುದು ಪದಗಳ ಚಮತ್ಕಾರದಿಂದಲ್ಲ, ಪದಾರ್ಥವನ್ನು ಹತ್ತಿರದಿಂದ ಕಂಡದ್ದರಿಂದ. ಆದ್ದರಿಂದ ಈ ಮಾರ್ಗದರ್ಶಿ ಮೊದಲು ಉಣ್ಣುವುದನ್ನು, ಆಮೇಲೆ ಬರೆಯುವುದನ್ನು ಹೇಳುತ್ತದೆ.

ಮೊದಲ ಹೆಜ್ಜೆ: ನಿಮ್ಮ ಗಡಿಯನ್ನು ಗುರುತಿಸಿಕೊಳ್ಳಿ

ಒಂದು ಹಾಳೆಯಲ್ಲಿ ನೀವು ತಿನ್ನದ ಪದಾರ್ಥಗಳನ್ನೆಲ್ಲ ಬರೆಯಿರಿ. ಪ್ರತಿಯೊಂದರ ಮುಂದೆ ಕಾರಣ ಬರೆಯಿರಿ: ನಂಬಿಕೆಯ ಕಾರಣವೇ, ಆರೋಗ್ಯದ ಕಾರಣವೇ, ಇಲ್ಲವೇ ರೂಢಿಯಲ್ಲಿಲ್ಲ ಎಂಬುದಷ್ಟೇ ಕಾರಣವೇ? ಮೊದಲ ಎರಡನ್ನು ಮುಟ್ಟಬೇಡಿ. ನಂಬಿಕೆಯನ್ನು ಮುರಿದು ತಿಂದ ತುತ್ತಿನಿಂದ ಒಳ್ಳೆಯ ಬರಹ ಹುಟ್ಟುವುದಿಲ್ಲ. ಅದರಲ್ಲಿ ಅಳುಕು ಮಾತ್ರ ಉಳಿಯುತ್ತದೆ. ಮೂರನೆಯ ಗುಂಪೇ ನಿಮ್ಮ ಕ್ಷೇತ್ರ, ಮತ್ತು ಅದು ನೀವು ಅಂದುಕೊಂಡಿದ್ದಕ್ಕಿಂತ ದೊಡ್ಡದಾಗಿರುತ್ತದೆ.

ಸಾಹಸದ ಊಟವೆಂದರೆ ಮಾಂಸವೇ ಆಗಬೇಕೆಂಬ ಭಾವನೆ ತಪ್ಪು. ಸಸ್ಯಾಹಾರಿಗೆ ಮಲೆನಾಡಿನಲ್ಲಿ ಕಳಲೆ, ಮರಕೆಸು, ಹುತ್ತದ ಅಣಬೆ, ಅಮಟೆಕಾಯಿ, ಕಾಡುಮಾವಿನ ಗೊಜ್ಜು, ಹಲಸಿನ ಬೀಜ, ಜೀರಿಗೆ ಮೆಣಸು ಇಷ್ಟೆಲ್ಲ ಇವೆ. ಮೂಗಿಗೆ ಮೊದಲ ದಿನ ಕಠಿಣವೆನಿಸುವ ನೆನೆಸಿದ ಕಳಲೆಯ ವಾಸನೆಯನ್ನು ದಾಟಿ ಅದರ ಪಲ್ಯವನ್ನು ಪ್ರೀತಿಸಲು ಕಲಿತವರು ಯಾವ ಮಾಂಸಾಹಾರಿಗೂ ಕಡಿಮೆಯಿಲ್ಲದ ಧೈರ್ಯಶಾಲಿಗಳು.

ಎರಡನೆಯ ಹೆಜ್ಜೆ: ಕಾಲವನ್ನು ತಿಳಿದು ಹೊರಡಿ

ಡಿಸೆಂಬರ್‌ನಲ್ಲಿ ಮೂಡಿಗೆರೆಗೆ ಹೋಗಿ ಹಸಿ ಕಳಲೆ ಕೇಳಿದರೆ ಸಿಗುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಗಾಲವೇ ಕಳಲೆ, ಅಣಬೆ, ಕೆಸುವಿನೆಲೆ ಮತ್ತು ಗದ್ದೆಯ ಏಡಿಯ ಕಾಲ. ಹಲಸಿಗೆ ಬೇಸಿಗೆಯ ಕೊನೆ. ಚಳಿಗಾಲದಲ್ಲಿ ಹಾಸನದ ಬಯಲಿನ ಕಡೆ ಸೊಗಡಿನ ಅವರೆಕಾಯಿ ಬರುತ್ತದೆ. ಅದನ್ನು ನೆನೆಸಿ ಹಿತುಕಿ ಮಾಡಿದ ಸಾರನ್ನು ಉಣ್ಣಲು ಹೊರಗಿನಿಂದ ಬಂದವರು ಆ ಕಾಲಕ್ಕೇ ಬರಬೇಕು. ಬೋಟಿ (ಕುರಿ, ಮೇಕೆಯ ಕರುಳು), ತಲೆಮಾಂಸ, ಕಾಲು ಸೂಪಿಗೆ ಕಾಲದ ಹಂಗಿಲ್ಲ. ಯಾವುದೇ ಮಿಲ್ಟ್ರಿ ಹೋಟೆಲಿನಲ್ಲಿ ಮಧ್ಯಾಹ್ನಕ್ಕೆ ಮುಂಚೆ ಹೋದರೆ ಬಿಸಿಯಾಗಿ ಸಿಗುತ್ತವೆ.

ಮೂರನೆಯ ಹೆಜ್ಜೆ: ಯಾರೊಡನೆ ಉಣ್ಣಬೇಕೆಂದು ನಿರ್ಧರಿಸಿ

ರೆಸಾರ್ಟಿನ ಬಫೆಯಲ್ಲಿ ಚಿಕ್ಕ ಬಟ್ಟಲಿನಲ್ಲಿಟ್ಟ ಚಟ್ನಿಯನ್ನು ತಿಂದವರಿಗೆ ರುಚಿ ಸಿಗಬಹುದು, ಕಥೆ ಸಿಗುವುದಿಲ್ಲ. ಆ ಪದಾರ್ಥವನ್ನು ವರ್ಷವೂ ಮಾಡುವ ಮನೆಯಲ್ಲಿ, ಮಾಡುವವರ ಎದುರಿಗೆ, ಸಾಧ್ಯವಾದರೆ ಮಾಡುವ ಹೊತ್ತಿಗೇ ಹೋಗಿ ಕುಳಿತುಕೊಳ್ಳಿ. ಪರಿಚಯವಿಲ್ಲದಿದ್ದರೆ ವಾರದ ಸಂತೆಯಿಂದ ಆರಂಭಿಸಿ. ಸೊಪ್ಪು, ಕಳಲೆ ಮಾರುವವರ ಬಳಿ ಒಂದು ಪಾಲು ಕೊಂಡು, ಅದನ್ನು ಹೇಗೆ ಮಾಡಬೇಕೆಂದು ಕೇಳಿ. ಮಾರುವವರಿಗೆ ಅದಕ್ಕಿಂತ ಇಷ್ಟದ ಪ್ರಶ್ನೆ ಇನ್ನೊಂದಿಲ್ಲ.

ಪ್ರಶ್ನೆಯ ರೀತಿ ಬಹಳ ಮುಖ್ಯ. “ಅಯ್ಯೋ, ಇದನ್ನೆಲ್ಲ ಹೇಗೆ ತಿಂತೀರಿ?” ಎಂದು ಕೇಳಿದರೆ ಎದುರಿನವರು ಮುಜುಗರಪಟ್ಟು ಎರಡೇ ಮಾತಿನಲ್ಲಿ ಮುಗಿಸುತ್ತಾರೆ. “ಅಕ್ಕ, ಇದಕ್ಕೆ ಹುಣಸೆ ಹಾಕ್ತೀರೋ, ಅಮಟೆಕಾಯಿ ಹಾಕ್ತೀರೋ?” ಎಂದು ಕೇಳಿದರೆ, ತಮ್ಮ ಮನೆಯ ರೀತಿ, ತವರುಮನೆಯ ರೀತಿ, ಓರಗಿತ್ತಿ ಮಾಡುವ ತಪ್ಪು, ಎಲ್ಲವೂ ಹೊರಬರುತ್ತವೆ. ನಗೆಬರಹಕ್ಕೆ ಬೇಕಾದ ಸರಕು ಆ ಓರಗಿತ್ತಿಯ ತಪ್ಪಿನಲ್ಲಿದೆ.

ಊಟಕ್ಕೆ ಮುಂಚೆ ಕಾಫಿಯ ವಿಷಯದಲ್ಲಿ ಒಂದು ಸಣ್ಣ ಸೂಚನೆ. ಮನೆಯೊಳಗೆ ಕಾಲಿಟ್ಟ ಕೂಡಲೇ ಕಾಫಿ ಬರುವ ಸೀಮೆ ಇದು, ಬೇಡವೆನ್ನುವುದು ಮರ್ಯಾದೆಯಲ್ಲ. ಆದರೆ ಗಟ್ಟಿ ಡಿಕಾಕ್ಷನ್‌ನ ಕಹಿ ನಾಲಿಗೆಯ ಮೇಲೆ ಬಹಳ ಹೊತ್ತು ನಿಲ್ಲುವುದರಿಂದ, ಕುಡಿದ ಮೇಲೆ ಬಾಯಿ ಮುಕ್ಕಳಿಸಿ ಅರ್ಧ ಗಂಟೆ ಮಾತನಾಡುತ್ತ ಕುಳಿತು ಆಮೇಲೆ ಊಟಕ್ಕೆ ಏಳಿ.

ನಾಲ್ಕನೆಯ ಹೆಜ್ಜೆ: ಸುರಕ್ಷತೆಯ ಪಾಠವನ್ನು ಪೂರ್ಣವಾಗಿ ಕಲಿಯಿರಿ

ಈ ಹೆಜ್ಜೆಯನ್ನು ದಾಟಿ ಮುಂದೆ ಹೋಗುವಂತಿಲ್ಲ. ನಮ್ಮ ಹಿರಿಯರ ಅಡುಗೆಯ ಕ್ರಮಗಳಲ್ಲಿ ಕೆಲವು ರುಚಿಗಾಗಿ ಅಲ್ಲ, ಜೀವ ಉಳಿಸಲು ಹುಟ್ಟಿದವು. ಅವನ್ನು ಚಿಕ್ಕದು ಮಾಡುವ ಅಧಿಕಾರ ಯಾರಿಗೂ ಇಲ್ಲ.

ಕಳಲೆ ಎಂದರೆ ಬಿದಿರಿನ ಎಳೆಯ ಮೊಳಕೆ. ಹಸಿಯಾಗಿರುವಾಗ ಅದರಲ್ಲಿ ಟ್ಯಾಕ್ಸಿಫಿಲಿನ್ ಎಂಬ ವಸ್ತುವಿರುತ್ತದೆ. ಮೊಳಕೆಯನ್ನು ಕತ್ತರಿಸಿದಾಗ ಇಲ್ಲವೇ ಜಗಿದಾಗ ಅದು ಒಡೆದು ಸಯನೈಡ್ ಹೊರಬಿಡುತ್ತದೆ. ಮಲೆನಾಡಿನ ಮನೆಗಳಲ್ಲಿ ಹೊರಗಿನ ಪೊರೆಗಳನ್ನು ತೆಗೆದು, ಒಳಗಿನ ಎಳೆಯ ಭಾಗವನ್ನು ತೆಳುವಾಗಿ ಹೆಚ್ಚಿ, ಎರಡು ಮೂರು ದಿನ ನೀರಿನಲ್ಲಿಟ್ಟು, ದಿನವೂ ನೀರು ಬದಲಿಸಿ, ಆಮೇಲೆ ಚೆನ್ನಾಗಿ ಬೇಯಿಸಿ ಬೇಯಿಸಿದ ನೀರನ್ನೂ ಚೆಲ್ಲುವ ಪದ್ಧತಿ ಬಂದಿರುವುದು ಇದಕ್ಕಾಗಿಯೇ. ತೆಳುವಾಗಿ ಹೆಚ್ಚಿದಷ್ಟೂ ವಿಷದ ಅಂಶ ಬೇಗ ಹೊರಹೋಗುತ್ತದೆ. ರಾಸಾಯನಿಕದ ಹೆಸರು ಗೊತ್ತಿಲ್ಲದ ಕಾಲದಲ್ಲಿ ಈ ಕ್ರಮವನ್ನು ಕಂಡುಕೊಂಡವರ ಬಗ್ಗೆ ನನಗೆ ಅಪಾರ ಗೌರವವಿದೆ. ಕಾಡಿಗೆ ನುಗ್ಗಿ ಕಳಲೆ ಕೀಳಬೇಡಿ. ಸ್ವಂತ ತೋಟದ ಬಿದಿರಿನದೋ, ಪರಿಚಯದವರು ಕೊಟ್ಟದ್ದೋ ಆಗಿರಲಿ.

ಕೆಸುವಿನೆಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ. ಗಂಟಲು ಕೆರೆಯುವುದು ಅವು ಚುಚ್ಚುವುದರಿಂದ. ಪತ್ರೊಡೆಯ ಹಿಟ್ಟಿಗೆ ಧಾರಾಳವಾಗಿ ಹುಣಸೆ ಹಾಕುವುದು, ಸುರುಳಿ ಸುತ್ತಿ ಹಬೆಯಲ್ಲಿ ಪೂರ್ತಿ ಬೇಯಿಸುವುದು ಎರಡೂ ತುರಿಕೆಗೆ ಪರಿಹಾರಗಳೇ. ಮಳೆಗಾಲದಲ್ಲಿ ಮರದ ಮೇಲೆ ಬೆಳೆಯುವ ಮರಕೆಸು ಹೆಚ್ಚು ತುರಿಸುವುದಿಲ್ಲ ಎಂಬ ಕಾರಣಕ್ಕೆ ಮಲೆನಾಡಿಗರಿಗೆ ಅದರ ಮೇಲೆ ವಿಶೇಷ ಮೋಹ.

ಅಣಬೆಯ ವಿಷಯದಲ್ಲಿ ಮಾತ್ರ ಧೈರ್ಯವೆಂಬ ಪದವನ್ನೇ ಮರೆತುಬಿಡಿ. ಬೆಳ್ಳಿಯ ನಾಣ್ಯ ಕಪ್ಪಾಗುತ್ತದೆಯೇ, ಅರಿಶಿನದ ಬಣ್ಣ ಬದಲಾಗುತ್ತದೆಯೇ, ಹುಳು ತಿಂದಿದೆಯೇ ಎಂದು ನೋಡುವ ಯಾವ ಮನೆಪರೀಕ್ಷೆಯೂ ನಂಬಲರ್ಹವಲ್ಲ. ಅತ್ಯಂತ ಅಪಾಯಕಾರಿ ಅಣಬೆಗಳಲ್ಲಿರುವ ಅಮಾಟಾಕ್ಸಿನ್ ಕುದಿಸಿದರೂ ಹುರಿದರೂ ನಾಶವಾಗುವುದಿಲ್ಲ. ತಿಂದ ಆರು ಗಂಟೆಗಳಿಂದ ಒಂದು ದಿನದವರೆಗೆ ಯಾವ ತೊಂದರೆಯೂ ಕಾಣದಿರಬಹುದು. ಆಮೇಲೆ ವಾಂತಿ ಭೇದಿ ಶುರುವಾಗಿ, ನಡುವೆ ಗುಣವಾದಂತೆ ತೋರಿ, ಕೊನೆಗೆ ಯಕೃತ್ತು ಕೆಡುತ್ತದೆ. ಆದ್ದರಿಂದ ಒಂದೇ ಹುತ್ತದ ಬಳಿ ವರ್ಷ ವರ್ಷವೂ ಹೆಕ್ಕಿ ತಿನ್ನುತ್ತ ಬಂದಿರುವ ಹಿರಿಯರು ತಾವೇ ಹೆಕ್ಕಿ, ತಾವೇ ಉಣ್ಣುವ ಸಾರನ್ನು ಮಾತ್ರ ಉಣ್ಣಿ. ಬೇಯಿಸದ ಒಂದು ಅಣಬೆಯನ್ನು ಪಕ್ಕಕ್ಕೆ ತೆಗೆದಿಡಿ. ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಗುರುತಿಸಲು ಅದು ಬೇಕಾಗುತ್ತದೆ.

ಗದ್ದೆಯ ಏಡಿಯನ್ನು ಪೂರ್ತಿ ಬೇಯಿಸಲೇಬೇಕು, ಏಕೆಂದರೆ ಸಿಹಿನೀರಿನ ಏಡಿಗಳಲ್ಲಿ ಶ್ವಾಸಕೋಶವನ್ನು ಸೇರುವ ಚಪ್ಪಟೆಹುಳುವಿನ ಮರಿಗಳು ಇರಬಹುದು. ಇತ್ತೀಚೆಗೆ ಔಷಧಿ ಹೊಡೆದ ಗದ್ದೆಯ ಏಡಿ ಬೇಡ. ಚಗಳಿಯ ಗೂಡು ಇಳಿಸುವ ಮರಕ್ಕೂ ಔಷಧಿ ತಾಗಿದೆಯೇ ಎಂದು ತೋಟದವರನ್ನು ಕೇಳಿ. ಸಿಗಡಿ, ಏಡಿ ತಿಂದರೆ ಮೈ ದದ್ದೇಳುವವರಿಗೆ ಇರುವೆಯಿಂದಲೂ ಹಾಗಾಗುವ ಸಾಧ್ಯತೆ ಇರುವುದರಿಂದ ಅವರು ಚಗಳಿ ಚಟ್ನಿಯಿಂದ ದೂರವಿರುವುದೇ ಸರಿ.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಸಾಹಸದ ಊಟ ಹುಡುಕುತ್ತ ಬಂದವರಿಗೆ ಗುಟ್ಟಾಗಿ ಕಾಡಿನ ಮಾಂಸ ತೋರಿಸುವವರು ಸಿಗಬಹುದು. ಕಾಡುಕೋಳಿ, ಜಿಂಕೆ, ಉಡ ಇಂಥವುಗಳ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅಲ್ಲಿಂದ ಎದ್ದು ಬನ್ನಿ, ಅದರ ಬಗ್ಗೆ ರಸವತ್ತಾಗಿ ಬರೆಯಲೂ ಬೇಡಿ.

ಐದನೆಯ ಹೆಜ್ಜೆ: ಮೊದಲ ತುತ್ತನ್ನು ಸರಿಯಾಗಿ ಉಣ್ಣಿ

ಯಾವ ಪದಾರ್ಥವನ್ನೂ ಒಂಟಿಯಾಗಿ ಪರೀಕ್ಷಿಸಬೇಡಿ. ಚಗಳಿ ಚಟ್ನಿಗೆ ಬಿಸಿ ಅಕ್ಕಿ ರೊಟ್ಟಿ ಇಲ್ಲವೇ ಕಡುಬು, ಬೋಟಿ ಗೊಜ್ಜಿಗೆ ರಾಗಿ ಮುದ್ದೆ, ಏಡಿ ಸಾರಿಗೆ ಅನ್ನ ಹೀಗೆ ಪ್ರತಿಯೊಂದಕ್ಕೂ ಅದರ ಜೊತೆಗಾರನಿದ್ದಾನೆ. ಚಮಚದಲ್ಲಿ ಬರೀ ಚಟ್ನಿಯನ್ನು ಬಾಯಿಗೆ ಹಾಕಿಕೊಂಡು ಮುಖ ಹಿಂಡುವವರು ಅದನ್ನು ಉಂಡಂತಾಗಲಿಲ್ಲ.

ಚಗಳಿಯನ್ನೇ ಉದಾಹರಣೆಯಾಗಿ ನೋಡೋಣ. ಈ ಕೆಂಪಿರುವೆಗಳು ಹಸಿರೆಲೆಗಳನ್ನು ಎಳೆದು ಕೂಡಿಸಿ, ತಮ್ಮ ಮರಿಹುಳುಗಳನ್ನು ಬಾಯಲ್ಲಿ ಹಿಡಿದು, ಅವು ಹೊರಬಿಡುವ ರೇಷ್ಮೆಯ ಎಳೆಯಿಂದ ಎಲೆಗಳನ್ನು ಹೊಲಿಯುತ್ತವೆ. ಆ ಗೂಡನ್ನು ಕೊಯ್ದು ತಂದು, ಇರುವೆಗಳನ್ನೂ ಮೊಟ್ಟೆಗಳನ್ನೂ ಬಿಸಿ ಪಾತ್ರೆಗೆ ಉದುರಿಸಿ, ಬಾಡಿಸಿ, ತೆಂಗಿನಕಾಯಿ, ಜೀರಿಗೆ ಮೆಣಸು, ಬೆಳ್ಳುಳ್ಳಿ, ಉಪ್ಪಿನೊಡನೆ ರುಬ್ಬುತ್ತಾರೆ. ಹುಣಸೆ, ನಿಂಬೆ ಯಾವುದೂ ಬೇಕಾಗಿಲ್ಲ. ಇರುವೆಯ ಮೈಯಲ್ಲಿರುವ ಫಾರ್ಮಿಕ್ ಆಮ್ಲವೇ ಹುಳಿ. ಹುಣಸೆಯ ಹುಳಿ ನಾಲಿಗೆಯ ಮೇಲೆ ನಿಧಾನವಾಗಿ ಹರಡಿದರೆ, ಚಗಳಿಯ ಹುಳಿ ಥಟ್ಟನೆ ಮೂಗಿನ ಕಡೆಗೆ ಏರಿ ಅಷ್ಟೇ ಬೇಗ ಇಳಿಯುತ್ತದೆ. ಆ ವೇಗವನ್ನು ಗಮನಿಸಿದವರು ಮಾತ್ರ ಅದರ ಬಗ್ಗೆ ಹೊಸದೇನಾದರೂ ಬರೆಯಬಲ್ಲರು.

ಮೊದಲ ತುತ್ತಿನಲ್ಲಿ ತೀರ್ಪು ಕೊಡಬೇಡಿ, ಅದು ಭಯದ ತುತ್ತು. ಎರಡನೆಯದು ಕುತೂಹಲದ್ದು. ಮೂರನೆಯದರಲ್ಲಿ ರುಚಿ ತಿಳಿಯುತ್ತದೆ. ಆಗಲೂ ಇಷ್ಟವಾಗದಿದ್ದರೆ ಇಷ್ಟವಾಗಲಿಲ್ಲವೆಂದೇ ಬರೆಯಬಹುದು, ಆದರೆ ಕಾರಣ ಹೇಳಬೇಕು. ಊಟ ಮುಗಿದ ಅರ್ಧ ಗಂಟೆಯೊಳಗೆ ಟಿಪ್ಪಣಿ ಮಾಡಿಕೊಳ್ಳಿ: ವಾಸನೆ, ಬಣ್ಣ, ಹಲ್ಲಿಗೆ ಸಿಕ್ಕ ಹದ, ನುಂಗಿದ ಮೇಲೆ ಉಳಿದದ್ದು. “ಚೆನ್ನಾಗಿತ್ತು” ಎಂಬ ಮಾತಿಗೆ ಟಿಪ್ಪಣಿಯಲ್ಲಿ ಸ್ಥಾನವಿಲ್ಲ. ಒಗರು, ಕನರು, ಘಾಟು, ಕಮಟು, ಜಿಗುಟು, ಲೋಳೆ, ಕಮ್ಮಗೆ ಎಂಬ ಪದಗಳು ನಮ್ಮ ಅಡುಗೆಮನೆಗಳಲ್ಲಿ ದಿನವೂ ಬಳಕೆಯಲ್ಲಿವೆ. ಅವುಗಳಲ್ಲಿ ಯಾವುದು ಹೊಂದುತ್ತದೆಂದು ಬಡಿಸಿದವರನ್ನೇ ಕೇಳಿ.

ಆರನೆಯ ಹೆಜ್ಜೆ: ನಗೆ ಎಲ್ಲಿದೆ ಎಂದು ಹುಡುಕಿ

ಈಗ ಬರಹಕ್ಕೆ ಬರೋಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಹೊಲದ ಇಲಿಯನ್ನು ಹದ ಮಾಡಿ ಬೇಯಿಸುವ ಕ್ರಮವಿದೆ. ಅದು ಅರಮನೆಯ ಊಟದ ಭಾಗವಾಗಿ, ಇತರ ಭಕ್ಷ್ಯಗಳ ಸಾಲಿನಲ್ಲಿಯೇ ಬರುತ್ತದೆ. ಅಚ್ಚರಿಯ ದನಿ ಅಲ್ಲಿಲ್ಲ. ಓದುವ ನಮಗೆ ಅಚ್ಚರಿ, ಬರೆದವನಿಗೆ ಅಡುಗೆ. ಹೊಸ ರುಚಿಯನ್ನು ಬರೆಯುವವರು ಈ ಸಮಾಧಾನದ ದನಿಯನ್ನು ಅಭ್ಯಾಸ ಮಾಡಬೇಕು. ಪದಾರ್ಥ ಅಪರಿಚಿತವಾದಷ್ಟೂ ವಾಕ್ಯ ಶಾಂತವಾಗಿರಲಿ. ನಗೆ ಅದರಿಂದಲೇ ಹೆಚ್ಚುತ್ತದೆ.

ಎರಡು ವಾಕ್ಯಗಳನ್ನು ಹೋಲಿಸಿ ನೋಡಿ. ಮೊದಲನೆಯದು: “ಇರುವೆಯ ಚಟ್ನಿಯನ್ನು ನೋಡಿ ಎದೆ ಝಲ್ಲೆಂದಿತು, ಆದರೆ ತಿಂದಾಗ ಸ್ವರ್ಗವೇ ಕಂಡಿತು.” ಎರಡನೆಯದು: “ಪಾತ್ರೆಗೆ ಬಿದ್ದ ಇರುವೆಗಳು ಕೈಗೆ ಹತ್ತಿದ ಇರುವೆಗಳಿಗಿಂತ ಹೆಚ್ಚಾದರೆ ಆ ದಿನ ಚಟ್ನಿ, ಕಡಿಮೆಯಾದರೆ ಆ ದಿನ ಬರೀ ಕೊಬ್ಬರಿ ಎಣ್ಣೆ.” ಮೊದಲನೆಯದನ್ನು ಚಟ್ನಿಯನ್ನು ನೋಡದವರೂ ಬರೆಯಬಹುದು. ಎರಡನೆಯದನ್ನು ಬರೆಯಲು ಗೂಡು ಇಳಿಸುವವರ ಕೈಯನ್ನು ನೋಡಿರಬೇಕು. ಅಲ್ಲಿ ನಗೆಗೆ ಕಾರಣವಾದದ್ದು ಇರುವೆಗೂ ಮನುಷ್ಯನಿಗೂ ನಡೆಯುವ ನಿಜವಾದ ಹೋರಾಟ. ಯಾರ ಊಟವೂ ಕೀಳಾಗಲಿಲ್ಲ.

ಹೇಳುವ ಕ್ರಮವೂ ನಗೆಯ ಅರ್ಧ ಭಾಗ. ಸಕಲೇಶಪುರದ ನೆರೆಯ ಕೊಡಗಿನಲ್ಲಿ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಎಂದರೆ ಆಗಸ್ಟ್ ಮೊದಲ ವಾರದಲ್ಲಿ, ಮದ್ದುಸೊಪ್ಪಿನ ಪಾಯಸ ಮಾಡುತ್ತಾರೆ. ಸೊಪ್ಪನ್ನು ಕುದಿಸಿದರೆ ಗಾಢ ನೇರಳೆ ಬಣ್ಣದ ರಸ ಬರುತ್ತದೆ, ಆ ದಿನ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದಿನ ಗುಣ ಸೇರಿರುತ್ತದೆ ಎಂಬುದು ನಂಬಿಕೆ, ಮತ್ತು ಉಂಡವರ ಮೂತ್ರ ಆಮೇಲೆ ಕೆಂಪಾಗುತ್ತದೆ. ಇದನ್ನು ಬರೆಯುವವರು ಕೊನೆಯ ಸಂಗತಿಯನ್ನು ಮೊದಲೇ ಹೇಳಿಬಿಟ್ಟರೆ ಬರಹ ಅಲ್ಲಿಗೆ ಮುಗಿಯಿತು. ಪಾಯಸದ ಬಣ್ಣ, ಪರಿಮಳ, ತೆಂಗಿನ ಹಾಲು, ಬಡಿಸಿದವರ ಒತ್ತಾಯ, ಎರಡನೆಯ ಬಟ್ಟಲು, ಅತಿಥಿಯ ಸುಖನಿದ್ರೆ, ಇವೆಲ್ಲ ಬಂದ ಮೇಲೆ ಬೆಳಗಿನ ಗಾಬರಿ ಬರಬೇಕು. ಮುನ್ಸೂಚನೆ ಕೊಡದ ಆತಿಥೇಯರ ಮುಗುಳ್ನಗೆಯನ್ನು ಎಲ್ಲೋ ನಡುವೆ ಒಂದೇ ಮಾತಿನಲ್ಲಿ ಇಟ್ಟಿರಬೇಕು.

ಉತ್ಪ್ರೇಕ್ಷೆ ಬೇಕು, ಆದರೆ ಒಂದು ಸಾಕು. “ಹಿಟ್ಟಂ ತಿಂದು ಬೆಟ್ಟಂ ಕಿತ್ತಿಟ್ಟಂ” ಎಂಬ ನಮ್ಮ ಮಾತನ್ನೇ ನೋಡಿ. ರಾಗಿ ತಿಂದವರಿಗೆ ಬಲ ಬರುತ್ತದೆಂಬುದು ಎಲ್ಲರೂ ಒಪ್ಪುವ ಸತ್ಯ. ಅದರ ಮೇಲೆ ಬೆಟ್ಟ ಕಿತ್ತಿಟ್ಟ ಒಂದೇ ಒಂದು ಸುಳ್ಳು ನಿಂತಿದೆ. ಬೆಟ್ಟ ಕಿತ್ತವನು ಆಮೇಲೆ ಸಮುದ್ರವನ್ನೂ ಕುಡಿದನೆಂದು ಸೇರಿಸಿದ್ದರೆ ಮಾತು ಸತ್ತುಹೋಗುತ್ತಿತ್ತು.

ಮಾತುಕತೆಯನ್ನು ಆಡಿದಂತೆಯೇ ಬರೆಯಿರಿ. ಹೊರಗಿನಿಂದ ಬಂದವರು ಮುದ್ದೆಯನ್ನು ಅಗಿಯತೊಡಗಿದಾಗ ಹಾಸನದ ಕಡೆಯವರು “ಅಗೀಬ್ಯಾಡಿ ಕಣಣ್ಣ, ಸಾರಲ್ ಅದ್ದಿ ನುಂಗಿ” ಎನ್ನುತ್ತಾರೆ. ಇದನ್ನು “ದಯವಿಟ್ಟು ಅಗಿಯದೆ ನುಂಗಬೇಕೆಂದು ಅವರು ಸೂಚಿಸಿದರು” ಎಂದು ತಿದ್ದಿದರೆ ಆ ಮನುಷ್ಯರೂ ಮಾಯ, ನಗೆಯೂ ಮಾಯ. ಆದರೆ ಆಡುಮಾತನ್ನು ಹಳ್ಳಿಯವರ ದಡ್ಡತನ ತೋರಿಸಲು ಬಳಸುವುದು ನನಗೆ ಸಹಿಸಲಾಗದ ಚಟ. ಮೇಲಿನ ಸಂದರ್ಭದಲ್ಲಿ ತಿಳಿದವರು ಯಾರು, ತಿಳಿಯದವರು ಯಾರು ಎಂಬುದು ಓದುಗರಿಗೆ ಸ್ಪಷ್ಟವಾಗಿ ಕಾಣಬೇಕು.

ಬಳಸಿ ಸವೆದ ಮಾತುಗಳನ್ನು ಬಿಡಿ: ಬಾಯಲ್ಲಿ ನೀರೂರಿತು, ಬೆರಳು ಚೀಪುವಂತಿತ್ತು, ಅಮೃತ ಸಮಾನ. ಅವುಗಳ ಜಾಗದಲ್ಲಿ ಒಂದು ಕಂಡ ಸಂಗತಿ ಇಡಿ. ಬೋಟಿಯನ್ನು ಬಿಸಿನೀರು, ಸುಣ್ಣ, ಅರಿಶಿನ ಹಾಕಿ ಎಷ್ಟು ಸಲ ಉಜ್ಜಿ ತೊಳೆಯುತ್ತಾರೆಂದು ಬರೆದರೆ, ಆ ಶ್ರಮವನ್ನು ಓದಿದವರು ಗೊಜ್ಜಿನ ರುಚಿಯನ್ನು ತಾವೇ ಊಹಿಸಿಕೊಳ್ಳುತ್ತಾರೆ.

ಏಳನೆಯ ಹೆಜ್ಜೆ: ಬಡಿಸಿದವರಿಗೆ ಓದಿ ಹೇಳಿ, ತಿದ್ದಿ

ಬರಹವನ್ನು ಪ್ರಕಟಿಸುವ ಮೊದಲು ನಿಮಗೆ ಊಟ ಹಾಕಿದವರ ಮುಂದೆ ಗಟ್ಟಿಯಾಗಿ ಓದಿ. ಅವರು ನಕ್ಕ ಕಡೆ ಏನನ್ನೂ ಮುಟ್ಟಬೇಡಿ. ಅವರು ಸುಮ್ಮನಾದ ಕಡೆ ಗುರುತು ಹಾಕಿಕೊಳ್ಳಿ: ಅಲ್ಲಿ ಒಂದೋ ಅಡುಗೆಯ ಕ್ರಮ ತಪ್ಪಾಗಿದೆ, ಇಲ್ಲವೇ ಅವರ ಮನಸ್ಸಿಗೆ ನೋವಾಗಿದೆ, ಎರಡನ್ನೂ ತಿದ್ದಲೇಬೇಕು. ಮನೆಯವರ ಹೆಸರು, ಊರು ಬರೆಯಲು ಒಪ್ಪಿಗೆ ಕೇಳಿ. ಅಣಬೆ ಏಳುವ ಹುತ್ತದ ಜಾಗವನ್ನು ಅವರು ಹೇಳಿದ್ದರೂ ಬರೆಯಬೇಡಿ, ಮುಂದಿನ ಮಳೆಗಾಲದಲ್ಲಿ ಅವರಿಗೇ ಅಣಬೆ ಸಿಗದಂತಾದೀತು.

ಕೊನೆಯದಾಗಿ, ನಾಲ್ಕನೆಯ ಹೆಜ್ಜೆಯಲ್ಲಿ ಕಲಿತದ್ದರಲ್ಲಿ ನಿಮ್ಮ ಪದಾರ್ಥಕ್ಕೆ ಸಂಬಂಧಿಸಿದ ಎಚ್ಚರಿಕೆಯನ್ನು ಬರಹದೊಳಗೆ ಸೇರಿಸಿ. ನಕ್ಕು ಹಸಿವಾದ ಓದುಗರು ಅಡುಗೆಮನೆಗೆ ಹೋಗುತ್ತಾರೆ, ಕೆಲವರು ಅದೇ ವಾರ ಮಾಡಿಯೂ ನೋಡುತ್ತಾರೆ. ಆದ್ದರಿಂದ ಕಳಲೆಯನ್ನು ನೆನೆಸುವ ದಿನಗಳು, ನೀರು ಬದಲಿಸುವುದು, ಬೇಯಿಸಿದ ನೀರನ್ನು ಚೆಲ್ಲುವುದು ಇವನ್ನು ತಮಾಷೆಯ ಮಾತಿನೊಡನೆ ಬೆರೆಸದೆ, ಬೇರೆಯೇ ವಾಕ್ಯಗಳಲ್ಲಿ, ಪಾಕವಿಧಾನ ಬರೆಯುವಷ್ಟೇ ಸರಳವಾಗಿ ಬರೆಯಿರಿ.